ಆರೋಗ್ಯ ವಿಮೆ: ತಿರಸ್ಕಾರ ಪತ್ರದಿಂದ ನಿಯಮದವರೆಗೆ

ವಿಮಾ ಕಂಪನಿಗಳ ಜಾಹೀರಾತಿನಲ್ಲಿ ‘ಕ್ಲೇಮ್ ಸೆಟಲ್‌ಮೆಂಟ್ ಶೇ. 98’ ಎಂಬಂಥ ಸಾಲು ದಪ್ಪಕ್ಷರದಲ್ಲಿರುತ್ತದೆ. ಆ ಲೆಕ್ಕದಲ್ಲಿ ಮೂರು ಲಕ್ಷದ ಬಿಲ್ಲಿಗೆ ಒಂದು ಲಕ್ಷ ಕೊಟ್ಟರೂ ಅದು ‘ಸೆಟಲ್’ ಆದ ಕ್ಲೇಮೇ. ಎಷ್ಟು ಮಂದಿಗೆ ಕೊಟ್ಟರು ಎನ್ನುವುದು ಒಂದು ಲೆಕ್ಕ, ಕೇಳಿದ್ದರಲ್ಲಿ ಎಷ್ಟು ಕೊಟ್ಟರು ಎನ್ನುವುದು ಇನ್ನೊಂದು. ವಿಮಾ ನಿಯಂತ್ರಕ ಐಆರ್‌ಡಿಎಐನ 2023–24ರ ವಾರ್ಷಿಕ ವರದಿಯಲ್ಲಿ ಎರಡೂ ಸಿಗುತ್ತವೆ. ಸಂಖ್ಯೆ ನೋಡಿದರೆ ಆರೋಗ್ಯ ವಿಮೆಯ ನೂರು ಕ್ಲೇಮ್‌ಗಳಲ್ಲಿ ಸುಮಾರು 82ಕ್ಕೆ ಹಣ ಸಂದಿದೆ. ಹಣ ನೋಡಿದರೆ, ಜನ ಕೇಳಿದ ಸುಮಾರು 1.17 ಲಕ್ಷ ಕೋಟಿ ರೂಪಾಯಿಯಲ್ಲಿ ಸಂದದ್ದು ಸುಮಾರು 83,500 ಕೋಟಿ. ಅಂದರೆ ನೂರಕ್ಕೆ 71 ರೂಪಾಯಿ. ಸುಮಾರು 15,100 ಕೋಟಿಯನ್ನು ಪಾಲಿಸಿ ಷರತ್ತು ತೋರಿಸಿ ಕೊಡದೆ ಬಿಟ್ಟರು, ಸುಮಾರು 10,900 ಕೋಟಿಯನ್ನು ತಿರಸ್ಕರಿಸಿದರು, ಮಿಕ್ಕದ್ದು ಬಾಕಿ ಉಳಿಯಿತು.

ಕೊಡದೆ ಬಿಟ್ಟದ್ದು, ತಿರಸ್ಕರಿಸಿದ್ದು ಸೇರಿದ ಈ 26,000 ಕೋಟಿ ಒಂದೇ ಕಡೆ ಕೂತ ಹಣವಲ್ಲ. ಇಪ್ಪತ್ತು ಸಾವಿರ, ಎಂಬತ್ತು ಸಾವಿರ, ಎರಡು ಲಕ್ಷ ಎಂದು ಚೂರುಚೂರಾಗಿ, ಪತ್ರಗಳ ರೂಪದಲ್ಲಿ ಮನೆಮನೆಯ ಬೀರುವಿನಲ್ಲಿದೆ. ಎಷ್ಟೋ ಜನ ಟಿಪಿಎ (ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ) ಕಾಲ್ ಸೆಂಟರಿಗೆ ನಾಲ್ಕು ಸಲ ಫೋನು ಮಾಡಿ, ಬೇಸತ್ತು ಕೈಬಿಡುತ್ತಾರೆ. ಹಟ ಹಿಡಿದವರಿಗೆ ಹಣ ಬರುವುದುಂಟು. ಆದರೆ ಅವರ ಕ್ಲೇಮಿನಲ್ಲಿ ಯಾವ ಷರತ್ತನ್ನು ಅಡ್ಡಾದಿಡ್ಡಿ ಓದಿದ್ದರೋ ಅದನ್ನೇ ಪಕ್ಕದ ಮನೆಯವರ ಕ್ಲೇಮಿನಲ್ಲೂ ಹಾಗೇ ಓದುತ್ತಾರೆ. ಆ ಓದು ಬದಲಾಗಬೇಕಾದರೆ ಪತ್ರಗಳು ಒಂದು ಕಡೆ ಸೇರಬೇಕು. ಸೇರುವ ಮೊದಲು ಒಂದೊಂದು ಪತ್ರವೂ ದಾಖಲೆಯ ಬಲದ ಮೇಲೆ ನಿಲ್ಲುವಂತಿರಬೇಕು. ಇಲ್ಲವಾದರೆ ಸಾಮೂಹಿಕ ಮನವಿಯನ್ನು ಕಂಪನಿಯ ವಕೀಲರು ಐದು ನಿಮಿಷದಲ್ಲಿ ಬಿಚ್ಚಿಹಾಕುತ್ತಾರೆ.

ಪತ್ರದಲ್ಲಿ ಏನಿರಲೇಬೇಕು

2024ರ ಮೇ 29ರಂದು ಐಆರ್‌ಡಿಎಐ ಆರೋಗ್ಯ ವಿಮೆಗೆ ಮಾಸ್ಟರ್ ಸುತ್ತೋಲೆ ಹೊರಡಿಸಿತು. ಹಳೆಯ 55 ಸುತ್ತೋಲೆಗಳು ರದ್ದಾಗಿ ನಿಯಮಗಳು ಒಂದೆಡೆ ಬಂದವು. ಇದರ ಪ್ರಕಾರ ಕಂಪನಿಯ ಉತ್ಪನ್ನ ನಿರ್ವಹಣಾ ಸಮಿತಿಯೋ ಅದರೊಳಗಿನ ಮೂವರು ಸದಸ್ಯರ ಕ್ಲೇಮ್ ಪರಿಶೀಲನಾ ಸಮಿತಿಯೋ ಒಪ್ಪದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. ಟಿಪಿಎಯ ಮೇಜಿನ ಮೇಲೇ ಕತೆ ಮುಗಿಸುವ ಹಾಗಿಲ್ಲ. ಪೂರ್ತಿ ನಿರಾಕರಣೆಯಾಗಲಿ ಭಾಗಶಃ ಕಡಿತವಾಗಲಿ, ಪಾಲಿಸಿಯ ಯಾವ ಷರತ್ತಿನಡಿ ಎಂದು ನಮೂದಿಸಿ ತಿಳಿಸಬೇಕು.

ಹಾಗಾಗಿ ‘ಪಾಲಿಸಿ ನಿಯಮಗಳ ಪ್ರಕಾರ ಪಾವತಿಸಲು ಸಾಧ್ಯವಿಲ್ಲ’ ಎಂಬ ಒಂದು ಸಾಲಿನ ಎಸ್‌ಎಂಎಸ್ ಬಂದರೆ ಅದನ್ನು ಅಂತಿಮ ಉತ್ತರ ಎಂದುಕೊಳ್ಳಬೇಕಿಲ್ಲ. ಮೊದಲ ಇಮೇಲಿನಲ್ಲಿ ವಾದ ಮಾಡದೆ ಮೂರನ್ನು ಕೇಳಬೇಕು: ಷರತ್ತಿನ ಸಂಖ್ಯೆ ಮತ್ತು ಪೂರ್ಣ ಪಾಠ, ಸಮಿತಿ ಒಪ್ಪಿಗೆ ಕೊಟ್ಟ ದಿನಾಂಕ, ಕಡಿತವಾಗಿದ್ದರೆ ಐಟಂವಾರು ಲೆಕ್ಕ. ಕೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ತಿರಸ್ಕಾರ ಪತ್ರದಲ್ಲಿ ಹೇಳದ ಕಾರಣವನ್ನು ಕಂಪನಿ ಆಮೇಲೆ ಗ್ರಾಹಕರ ಆಯೋಗದ ಮುಂದೆ ಹೊಸದಾಗಿ ಎತ್ತುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ ಹೇಳಿದೆ. ಅದು ಆರೋಗ್ಯ ವಿಮೆಯ ಪ್ರಕರಣವಲ್ಲ, ಆದರೂ ತತ್ವ ಇಲ್ಲಿಗೂ ಸಲ್ಲುತ್ತದೆ. ಕಾರಣವನ್ನು ಬರಹದಲ್ಲಿ ಕಟ್ಟಿಹಾಕಿದಷ್ಟೂ ಮುಂದಿನ ದಾರಿ ಸಲೀಸು.

ಮತ್ತೆಮತ್ತೆ ಬರುವ ಮೂರು ಕಾರಣಗಳು

‘ಹಳೆಯ ಕಾಯಿಲೆ ಮುಚ್ಚಿಟ್ಟಿದ್ದೀರಿ.’ ಇದು ಎಲ್ಲಕ್ಕಿಂತ ಭಾರಿ ಆರೋಪ, ಪಾಲಿಸಿಯನ್ನೇ ರದ್ದುಮಾಡುವಷ್ಟು ದೂರ ಹೋಗಬಲ್ಲದು. ಇಲ್ಲಿ ಮೊದಲು ನೋಡಬೇಕಾದದ್ದು ಕ್ಯಾಲೆಂಡರ್. 2024ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದಂತೆ 60 ತಿಂಗಳು ಬಿಡುವಿಲ್ಲದೆ ಪಾಲಿಸಿ ನಡೆದಿದ್ದರೆ, ಆಮೇಲೆ ‘ಹೇಳಲಿಲ್ಲ’ ಎಂಬ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ; ವಂಚನೆ ಎಂದು ಸಾಬೀತು ಮಾಡಬೇಕು. ಇದಕ್ಕೆ ಮೊರಟೋರಿಯಂ ಅವಧಿ ಎನ್ನುತ್ತಾರೆ. ಮೊದಲು ಎಂಟು ವರ್ಷವಿತ್ತು. ಒಂದು ಕಂಪನಿಯಿಂದ ಇನ್ನೊಂದಕ್ಕೆ ಪೋರ್ಟ್ ಮಾಡಿದ್ದರೆ ಹಿಂದಿನ ವರ್ಷಗಳೂ ಸೇರುತ್ತವೆ. ಜನ ಎಡವುವುದು ಇಲ್ಲಿ: ಮೂರು ಲಕ್ಷದ ಪಾಲಿಸಿಯನ್ನು ಎರಡು ವರ್ಷದ ಹಿಂದೆ ಹತ್ತು ಲಕ್ಷಕ್ಕೆ ಏರಿಸಿದ್ದರೆ, 60 ತಿಂಗಳ ರಕ್ಷಣೆ ಹಳೆಯ ಮೂರು ಲಕ್ಷಕ್ಕೆ ಮಾತ್ರ. ಹೆಚ್ಚಿಸಿದ ಏಳು ಲಕ್ಷದ ಗಡಿಯಾರ ಏರಿಸಿದ ದಿನದಿಂದ ಓಡುತ್ತದೆ.

ಐದು ವರ್ಷ ತುಂಬಿಲ್ಲದಿದ್ದರೆ ಎರಡನೆಯ ಪ್ರಶ್ನೆ: ಅದು ನಿಯಮದ ಅರ್ಥದಲ್ಲಿ ‘ಪೂರ್ವಾಸ್ತಿತ್ವದ ಕಾಯಿಲೆ’ಯೇ? ಪಾಲಿಸಿ ಶುರುವಾಗುವ ಹಿಂದಿನ 36 ತಿಂಗಳಲ್ಲಿ ವೈದ್ಯರು ಪತ್ತೆ ಮಾಡಿದ, ಅಥವಾ ಸಲಹೆ-ಚಿಕಿತ್ಸೆ ಸೂಚಿಸಿದ ಕಾಯಿಲೆ ಮಾತ್ರ ಆ ಪಟ್ಟಿಗೆ ಸೇರುತ್ತದೆ. ಅಂಥ ಕಾಯಿಲೆಗೂ ಕಾಯುವ ಅವಧಿ, ಅಂದರೆ ಅದಕ್ಕೆ ಹಣ ಸಿಗದ ಆರಂಭದ ಕಾಲ, ಗರಿಷ್ಠ 36 ತಿಂಗಳು. ಕಾಯಿಲೆಯನ್ನು ನೀವು ಹೇಳಿದ್ದು, ಕಂಪನಿಯೇ ವೈದ್ಯಕೀಯ ತಪಾಸಣೆ ಮಾಡಿಸಿ ಪಾಲಿಸಿ ಕೊಟ್ಟಿದ್ದರೆ, ಅದೇ ಕಾಯಿಲೆ ತೋರಿಸಿ ಹಣ ನಿರಾಕರಿಸುವಂತಿಲ್ಲ ಎಂದು 2021ರ ಡಿಸೆಂಬರಿನ ಮನಮೋಹನ್ ನಂದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಈ ಆರೋಪದ ಬೇರು ಸಾಮಾನ್ಯವಾಗಿ ಎರಡು ಕಾಗದಗಳಲ್ಲಿರುತ್ತದೆ. ಒಂದು ಪ್ರಪೋಸಲ್ ಫಾರಂ: ಏಜೆಂಟರು ಫೋನಿನಲ್ಲೇ ಕೇಳಿ ಎಲ್ಲ ಪ್ರಶ್ನೆಗೂ ‘ಇಲ್ಲ’ ಎಂದು ತುಂಬಿರುತ್ತಾರೆ, ಸಹಿಯ ಜಾಗದಲ್ಲಿ ಒಂದು ಒಟಿಪಿ ಇರುತ್ತದೆ. ಇನ್ನೊಂದು ಆಸ್ಪತ್ರೆಯ ಕೇಸ್ ಶೀಟು: ರಾತ್ರಿ ಪಾಳಿಯ ಡ್ಯೂಟಿ ಡಾಕ್ಟರು ರೋಗಿಯ ಜೊತೆ ಬಂದವರನ್ನು ಕೇಳಿ ‘ಬಿಪಿ, 10 ವರ್ಷದಿಂದ’ ಎಂದು ಬರೆದಿರುತ್ತಾರೆ. ಬಂದವರು ಅಳಿಯನೋ ಪಕ್ಕದ ಮನೆಯವರೋ ಆಗಿದ್ದು, ಅಂದಾಜಿನಲ್ಲಿ ಹೇಳಿರುತ್ತಾರೆ. ಕಂಪನಿಯ ತನಿಖಾಧಿಕಾರಿ ಆಸ್ಪತ್ರೆಗೆ ಬಂದು ಮೊದಲು ತೆಗೆಯುವುದೇ ಆ ಹಾಳೆ. ಮಾಹಿತಿ ತಪ್ಪಿದ್ದರೆ ಡಿಸ್ಚಾರ್ಜಿಗೆ ಮೊದಲೇ ತಿದ್ದುಪಡಿ ಕೇಳಬೇಕು. ಕ್ಲೇಮ್ ತಿರಸ್ಕಾರವಾದ ಮೇಲೆ ತಂದ ತಿದ್ದುಪಡಿ ಪತ್ರಕ್ಕೆ ತೂಕ ಕಡಿಮೆ. ಆಗ ಹಿಂದೆ ಎಂದಾದರೂ ಬಿಪಿ ನೋಡಿಸಿದ ಚೀಟಿ, ಕಚೇರಿಯ ವಾರ್ಷಿಕ ತಪಾಸಣೆ ವರದಿಯಂಥ ಹಳೆಯ ಕಾಗದಗಳೇ ಸಾಕ್ಷಿಯಾಗಬೇಕು.

‘ಅಡ್ಮಿಟ್ ಆಗುವ ಅಗತ್ಯವಿರಲಿಲ್ಲ.’ ಡೆಂಗಿ, ವೈರಲ್ ಜ್ವರ, ವಾಂತಿ-ಭೇದಿಯ ಕ್ಲೇಮ್‌ಗಳಿಗೆ ಈ ಉತ್ತರ ಹೆಚ್ಚು. ಬರೀ ಪರೀಕ್ಷೆಗಾಗಿ ದಾಖಲಾದರೆ ಹಣವಿಲ್ಲ ಎಂಬ ಪ್ರಮಾಣಿತ ಷರತ್ತನ್ನು ಎಳೆದು ಇಲ್ಲಿಗೂ ಹಚ್ಚುತ್ತಾರೆ. ಇದಕ್ಕೆ ‘ದಾಖಲಾತಿ ಅಗತ್ಯವಿತ್ತು’ ಎಂಬ ಒಂದು ಸಾಲಿನ ಡಾಕ್ಟರ್ ಸರ್ಟಿಫಿಕೇಟು ಸಾಲದು. ದಾಖಲಾಗುವಾಗಿನ ಜ್ವರದ ಅಂಕಿ, ಪ್ಲೇಟ್‌ಲೆಟ್ ದಿನದಿನವೂ ಇಳಿದ ಕ್ರಮ, ಬಾಯಿಂದ ಮಾತ್ರೆ ನಿಲ್ಲುತ್ತಿರಲಿಲ್ಲ ಎಂಬುದು, ರಕ್ತನಾಳದ ಮೂಲಕ ಯಾವ ಔಷಧ ಎಷ್ಟು ಗಂಟೆಗೊಮ್ಮೆ ಕೊಟ್ಟರು, ಅದನ್ನು ಹೊರರೋಗಿಯಾಗಿ ಏಕೆ ಕೊಡಲಾಗುತ್ತಿರಲಿಲ್ಲ – ಇಷ್ಟೂ ಇರಬೇಕು. ಜೊತೆಗೆ ನರ್ಸುಗಳ ಔಷಧ ಚಾರ್ಟಿನ ಪ್ರತಿ. ರೋಗಿ ಕೇಳಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕೆಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಯಲ್ಲೇ ಇದೆ. ಅರ್ಜಿಯನ್ನು ಬರಹದಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡರೆ ಆಸ್ಪತ್ರೆಯ ರೆಕಾರ್ಡ್ ವಿಭಾಗ ಬೇಗ ಓಡುತ್ತದೆ.

‘ರೂಮ್ ಬಾಡಿಗೆ ಮಿತಿ ಮೀರಿದೆ.’ ತಿರಸ್ಕಾರವಲ್ಲ, ಸದ್ದಿಲ್ಲದ ಕಡಿತ. ಲೆಕ್ಕ ಹಾಕಿ ನೋಡುವವರು ಕಡಿಮೆ, ಆದ್ದರಿಂದ ಇದನ್ನು ಬಿಡಿಸಿಯೇ ಹೇಳಬೇಕು. ಪಾಲಿಸಿಯ ಮಿತಿ ದಿನಕ್ಕೆ ₹5,000 ಎನ್ನಿ, ನೀವು ₹8,000ದ ಕೋಣೆ ಹಿಡಿದಿರಿ. ಆಗ ಕಂಪನಿ 8ರಲ್ಲಿ 5 ಪಾಲು, ಅಂದರೆ ಶೇ. 62.5 ಮಾತ್ರ ಕೊಡುತ್ತದೆ. ದುಬಾರಿ ಕೋಣೆಗೆ ಸರ್ಜನ್ ಫೀಸೂ ದುಬಾರಿಯಾಗುತ್ತದೆ ಎಂಬುದು ಅದರ ತರ್ಕ. ಆದರೆ ಈ ಅನುಪಾತ ಬಿಲ್ಲಿನ ಎಲ್ಲ ಸಾಲಿಗೂ ಅಲ್ಲ. ಔಷಧ ಮತ್ತು ಬಳಕೆ ಸಾಮಗ್ರಿ, ಇಂಪ್ಲಾಂಟ್, ಲ್ಯಾಬ್ ಮತ್ತು ಸ್ಕ್ಯಾನಿಂಗ್ – ಇವುಗಳಿಗೆ ಹಚ್ಚುವಂತಿಲ್ಲ. ಐಸಿಯು ಶುಲ್ಕಕ್ಕೂ ಇಲ್ಲ. ಕೋಣೆ ನೋಡಿ ದರ ಬದಲಿಸದ ಆಸ್ಪತ್ರೆಯಲ್ಲಂತೂ ಇತರ ಖರ್ಚಿಗೆ ಈ ಕಡಿತವೇ ಸಲ್ಲದು.

ಬಿಲ್ಲು ಹೀಗಿದೆ ಎಂದಿಟ್ಟುಕೊಳ್ಳಿ: ನಾಲ್ಕು ದಿನದ ಕೋಣೆ ₹32,000, ಸರ್ಜನ್, ಅರಿವಳಿಕೆ, ಆಪರೇಷನ್ ಥಿಯೇಟರ್, ನರ್ಸಿಂಗ್ ₹1,20,000, ಔಷಧ-ಸಾಮಗ್ರಿ ₹60,000, ಇಂಪ್ಲಾಂಟ್ ₹50,000, ಪರೀಕ್ಷೆಗಳು ₹18,000. ಒಟ್ಟು ₹2,80,000. ಸರಿಯಾದ ಕಡಿತ ಕೋಣೆಯಲ್ಲಿ ₹12,000, ಸರ್ಜನ್ ಸಾಲಿನಲ್ಲಿ ₹45,000, ಒಟ್ಟು ₹57,000. ಇಡೀ ಬಿಲ್ಲಿಗೆ ಅನುಪಾತ ಹಚ್ಚಿದರೆ ಕಡಿತ ₹1,05,000 ಆಗುತ್ತದೆ. ವ್ಯತ್ಯಾಸ ₹48,000. ಈ ನಲವತ್ತೆಂಟು ಸಾವಿರಕ್ಕೆ ಕಾನೂನು ಪಾಂಡಿತ್ಯ ಬೇಡ, ಒಂದು ಹಾಳೆ ಮತ್ತು ಕ್ಯಾಲ್ಕುಲೇಟರ್ ಸಾಕು.

ಕ್ಯಾಶ್‌ಲೆಸ್ ಗಡಿಯಾರ

ಆಸ್ಪತ್ರೆಗೆ ಕಂಪನಿಯೇ ನೇರವಾಗಿ ಹಣ ಕಟ್ಟುವ ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆಯೊಳಗೆ ಉತ್ತರ, ಡಿಸ್ಚಾರ್ಜಿನ ಅಂತಿಮ ಒಪ್ಪಿಗೆ ಮೂರು ಗಂಟೆಯೊಳಗೆ – ಇದು 2024ರ ಸುತ್ತೋಲೆಯ ಮಿತಿ. ಮೂರು ಗಂಟೆ ಮೀರಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದನ್ನು ಕಂಪನಿ ತನ್ನ ಷೇರುದಾರರ ನಿಧಿಯಿಂದ ಭರಿಸಬೇಕು. ಕಾಗದದಲ್ಲಿ ಚೆನ್ನಾಗಿದೆ. ವಾಸ್ತವದಲ್ಲಿ ಏನಾಗುತ್ತದೆಂದರೆ, ವೈದ್ಯರು ಬೆಳಿಗ್ಗೆ ಹತ್ತಕ್ಕೆ ‘ಮನೆಗೆ ಹೋಗಬಹುದು’ ಎನ್ನುತ್ತಾರೆ, ಬಿಲ್ಲಿಂಗ್ ವಿಭಾಗ ಅಂತಿಮ ಬಿಲ್ಲನ್ನು ಮಧ್ಯಾಹ್ನ ಮೂರಕ್ಕೆ ಅಪ್‌ಲೋಡ್ ಮಾಡುತ್ತದೆ. ಕಂಪನಿಯ ಗಡಿಯಾರ ಶುರುವಾಗುವುದು ಮೂರಕ್ಕೆ. ರೋಗಿಯ ಮನೆಯವರು ಬೈಯುವುದು ವಿಮಾ ಕಂಪನಿಯನ್ನು, ತಡ ಮಾಡಿದ್ದು ಆಸ್ಪತ್ರೆ. ಇನ್ಶೂರೆನ್ಸ್ ಡೆಸ್ಕಿನಲ್ಲಿ ಅಪ್‌ಲೋಡ್ ಆದ ಹೊತ್ತು ಕಾಣುವ ಪರದೆಯ ಫೋಟೊ ತೆಗೆದಿಟ್ಟುಕೊಂಡರೆ ಯಾರ ತಪ್ಪೆಂಬ ಜಗಳಕ್ಕೆ ಜಾಗವಿಲ್ಲ. ಈ ಫೋಟೊಗಳೇ ಮುಂದೆ ಸಾಮೂಹಿಕ ದೂರಿಗೆ ಒದಗುವ ಒಳ್ಳೆಯ ಸಾಕ್ಷಿ.

ಮೊದಲೇ ಹಣ ಕಟ್ಟಿ ಆಮೇಲೆ ಪಡೆಯುವ ರಿಇಂಬರ್ಸ್‌ಮೆಂಟ್ ಕ್ಲೇಮಿಗೆ ಮಿತಿ 15 ದಿನ. ತಡವಾದರೆ ಆರ್‌ಬಿಐನ ಬ್ಯಾಂಕ್ ದರಕ್ಕಿಂತ ಶೇ. 2 ಹೆಚ್ಚು ಬಡ್ಡಿ. ಕೇಳದೆ ಇದು ಬರುವುದು ಅಪರೂಪ, ಆದ್ದರಿಂದ ದೂರಿನಲ್ಲಿ ಬಡ್ಡಿಯನ್ನೂ ಬರೆಯಬೇಕು. ಭಾಗಶಃ ಹಣ ಕೊಟ್ಟು ‘ಪೂರ್ಣ ಮತ್ತು ಅಂತಿಮ’ ಎಂಬ ಓಚರಿಗೆ ಸಹಿ ಕೇಳಿದರೆ ಹೆದರಬೇಕಿಲ್ಲ. ಓಚರಿಗೆ ಸಹಿ ಮಾಡಿದ ಮಾತ್ರಕ್ಕೆ ಹೆಚ್ಚಿನ ಹಣ ಕೇಳುವ ಹಕ್ಕು ಹೋಗದೆಂದು ಐಆರ್‌ಡಿಎಐ 2015ರಲ್ಲೇ ಹೇಳಿದೆ. ಆದರೂ ‘ಆಕ್ಷೇಪಣೆಯೊಂದಿಗೆ ಸ್ವೀಕರಿಸಿದೆ’ ಎಂದು ಬರೆದು ಸಹಿ ಮಾಡುವುದು ಕ್ಷೇಮ.

ದೂರಿನ ಮೆಟ್ಟಿಲುಗಳು

ಮೊದಲ ಮೆಟ್ಟಿಲು ಕಂಪನಿಯ ಕುಂದುಕೊರತೆ ಅಧಿಕಾರಿ. ಕಸ್ಟಮರ್ ಕೇರ್‌ಗೆ ಮಾಡಿದ ಫೋನು ಲೆಕ್ಕಕ್ಕಿಲ್ಲ. ಇಮೇಲ್ ಅಥವಾ ರಿಜಿಸ್ಟರ್ಡ್ ಅಂಚೆ ಬೇಕು. ಉತ್ತರಿಸಲು ಅವರಿಗೆ ಎರಡು ವಾರವಿದೆ.

ಎರಡನೆಯದು ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್, ಅಥವಾ 155255. ಇದರ ಬಗ್ಗೆ ಅತಿ ನಿರೀಕ್ಷೆ ಬೇಡ. ಐಆರ್‌ಡಿಎಐ ಇಲ್ಲಿ ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೇ ದಾಟಿಸುತ್ತದೆ. ಹಾಗಾದರೆ ಏಕೆ ಹಾಕಬೇಕು? ಅಲ್ಲಿ ಸಿಗುವ ಟೋಕನ್ ಸಂಖ್ಯೆಯಿಂದ ನಿಮ್ಮ ದೂರು ನಿಯಂತ್ರಕರ ಅಂಕಿಸಂಖ್ಯೆಯೊಳಗೆ ಸೇರುತ್ತದೆ. ಟ್ವೀಟು ಸೇರುವುದಿಲ್ಲ.

ಮೂರನೆಯದು ವಿಮಾ ಒಂಬುಡ್ಸ್‌ಮನ್, ಅಂದರೆ ವಿಮಾ ದೂರು ಕೇಳಿ ಆದೇಶ ಕೊಡುವ ಅಧಿಕಾರಿ. ಕರ್ನಾಟಕಕ್ಕೆಲ್ಲ ಒಂದೇ ಕಚೇರಿ, ಬೆಂಗಳೂರಿನ ಜೆ.ಪಿ. ನಗರ 1ನೇ ಹಂತದ ಜೀವನ್ ಸೌಧದಲ್ಲಿದೆ. ದೂರನ್ನು ಆನ್‌ಲೈನಿನಲ್ಲೂ ಕೊಡಬಹುದು. ಶುಲ್ಕವಿಲ್ಲ, ವಕೀಲರಿಗೆ ಪ್ರವೇಶವಿಲ್ಲ. ₹50 ಲಕ್ಷದವರೆಗಿನ ಮೊತ್ತಕ್ಕೆ ಆದೇಶ ಕೊಡಬಹುದು. 2023ರ ನವೆಂಬರಿಗೆ ಮೊದಲು ಈ ಮಿತಿ ₹30 ಲಕ್ಷವಿತ್ತು. ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳು ಕಾದಿರಬೇಕು, ಅಥವಾ ಕಂಪನಿಯಿಂದ ನಿಮಗೆ ಒಪ್ಪಿಗೆಯಾಗದ ಉತ್ತರ ಬಂದಿರಬೇಕು. ಅಲ್ಲಿಂದ ಒಂದು ವರ್ಷದೊಳಗೆ ಹೋಗಬೇಕು. ಬೇಕಾದ ಕಾಗದಗಳೆಲ್ಲ ತಲುಪಿದ ಮೂರು ತಿಂಗಳಲ್ಲಿ ಆದೇಶ, ಅದನ್ನು ಕಂಪನಿ 30 ದಿನದೊಳಗೆ ಪಾಲಿಸಬೇಕು. ಪಾಲಿಸದಿದ್ದರೆ ತಡವಾದ ಪ್ರತಿ ದಿನಕ್ಕೆ ₹5,000 ದೂರುದಾರರಿಗೇ ಸಲ್ಲುತ್ತದೆ. ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ. ದೂರುದಾರರು ಒಪ್ಪದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕೆಲಸ ಮಾಡುವ ಸಂಸ್ಥೆಯಿಂದ ಗುಂಪು ಪಾಲಿಸಿ ಸಿಕ್ಕ ನೌಕರರೂ ಒಂಬುಡ್ಸ್‌ಮನ್ ಬಳಿಗೆ ಬರಬಹುದು. ಎಚ್‌ಆರ್ ವಿಭಾಗ ಕೊಡುವ ಎರಡು ಪುಟದ ಬ್ರೋಷರ್ ಸಾಲದು, ಮೂಲ ಪಾಲಿಸಿಯ ಪ್ರತಿಯನ್ನೇ ಕೇಳಿ ತರಬೇಕು.

ಒಂದು ಬಲೆ ಇದೆ. ಅದೇ ವಿಷಯ ಗ್ರಾಹಕರ ಆಯೋಗದಲ್ಲೋ ಕೋರ್ಟಿನಲ್ಲೋ ನಡೆಯುತ್ತಿದ್ದರೆ ಒಂಬುಡ್ಸ್‌ಮನ್ ದೂರು ತೆಗೆದುಕೊಳ್ಳುವುದಿಲ್ಲ. ಸಿಟ್ಟಿನಲ್ಲಿ ಮೊದಲು ವಕೀಲರ ಬಳಿ ಓಡಿದವರು ಬಿಟ್ಟಿ ದಾರಿಯೊಂದನ್ನು ಮುಚ್ಚಿಕೊಂಡಂತೆ. ಇನ್ನೊಂದು ಕಡೆ, ಒಂಬುಡ್ಸ್‌ಮನ್ ಕ್ಲೇಮಿನ ನಷ್ಟ ತುಂಬಿಸಬಲ್ಲರು, ಮಾನಸಿಕ ಹಿಂಸೆಗೆ ಪರಿಹಾರ ಅಲ್ಲಿ ಸಿಗದು. ಅದು ಬೇಕೆನ್ನುವವರಿಗೆ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವಿರುವ ಜಿಲ್ಲೆಯಲ್ಲೇ, ಎರಡು ವರ್ಷದೊಳಗೆ ದೂರು ಹಾಕಬಹುದು. ಯಾವ ಹಂತದ ಆಯೋಗ ಎಂಬುದು ಕ್ಲೇಮಿನ ಮೊತ್ತದ ಮೇಲಲ್ಲ, ನೀವು ಕೊಟ್ಟ ಹಣದ ಮೇಲೆ, ಅಂದರೆ ಪ್ರೀಮಿಯಂ ಮೇಲೆ ನಿಂತಿದೆ. ಪ್ರೀಮಿಯಂ ₹50 ಲಕ್ಷ ದಾಟುವ ಮನೆ ಎಲ್ಲಿದೆ? ಹಾಗಾಗಿ ಆರೋಗ್ಯ ವಿಮೆಯ ಜಗಳಗಳೆಲ್ಲ ಹೆಚ್ಚೂಕಡಿಮೆ ಜಿಲ್ಲಾ ಆಯೋಗದಲ್ಲೇ. ₹5 ಲಕ್ಷದವರೆಗೆ ಶುಲ್ಕವೂ ಇಲ್ಲ.

ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯವರಿಗೆ ಈ ಮೆಟ್ಟಿಲುಗಳು ಅನ್ವಯಿಸುವುದಿಲ್ಲ. ಇಲ್ಲಿ ಹಣ ಕೊಡುವುದು ವಿಮಾ ಕಂಪನಿಯಲ್ಲ, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ ₹1.5 ಲಕ್ಷದವರೆಗೆ. ಸಾಮಾನ್ಯ ದೂರುಗಳು ಎರಡು: ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವಿಲ್ಲವೆಂದು ವಾಪಸು ಕಳಿಸುವುದು, ಪ್ಯಾಕೇಜಿನೊಳಗಿನ ಸಾಮಗ್ರಿಗೂ ಬಿಪಿಎಲ್ ರೋಗಿಯಿಂದ ನಗದಾಗಿ ಹಣ ಕೇಳುವುದು. ಎರಡನೆಯದಕ್ಕೆ ರಸೀದಿ ಕೊಡುವುದಿಲ್ಲ, ಅಲ್ಲೇ ದೂರು ಸಾಯುತ್ತದೆ. ನಗದಿನ ಬದಲು ಯುಪಿಐನಲ್ಲಿ ಕಟ್ಟಿದರೆ ಗುರುತಾದರೂ ಉಳಿಯುತ್ತದೆ. ದೂರು ಆಸ್ಪತ್ರೆಯಲ್ಲಿ ಯೋಜನೆಯ ಸಹಾಯಕರಾಗಿರುವ ಆರೋಗ್ಯ ಮಿತ್ರರಿಂದ ಶುರು, ಅಲ್ಲಿಂದ ಟ್ರಸ್ಟಿಗೆ. ಆಯುಷ್ಮಾನ್ ಸಹಾಯವಾಣಿ 14555.

ಮೂವತ್ತು ಪತ್ರಗಳನ್ನು ಒಂದು ಮಾಡುವುದು

ಅಪಾರ್ಟ್‌ಮೆಂಟ್ ಸಂಘ, ಹಿರಿಯ ನಾಗರಿಕರ ವೇದಿಕೆ, ನಿವೃತ್ತ ನೌಕರರ ಸಂಘ, ಸಹಕಾರ ಸಂಘ – ಯಾವುದಾದರೂ ಸರಿ. ಬೇಕಾದದ್ದು ಒಂದು ರಿಜಿಸ್ಟರು. ಅದರಲ್ಲಿ ಹೆಸರು ಬೇಡ, ಸಂಖ್ಯೆ ಸಾಕು. ಕಾಯಿಲೆಯ ವಿವರ ಊರೆಲ್ಲ ಓಡಾಡುವ ವಸ್ತುವಲ್ಲ, ಪ್ರತಿಯೊಬ್ಬರ ಲಿಖಿತ ಒಪ್ಪಿಗೆ ಪಡೆದು ಹೆಸರಿನ ಪಟ್ಟಿಯನ್ನು ಒಬ್ಬರ ಬಳಿ ಮಾತ್ರ ಇಡಬೇಕು. ಕಾಲಮ್ಮುಗಳು: ಕಂಪನಿ, ಪಾಲಿಸಿ ಬಗೆ, ಬಿಡುವಿಲ್ಲದೆ ನಡೆದ ತಿಂಗಳು, ಬಿಲ್ಲಿನ ಮೊತ್ತ, ಬಂದ ಮೊತ್ತ, ಪತ್ರದಲ್ಲಿ ಹೇಳಿದ ಷರತ್ತು, ಸಮಿತಿಯ ಒಪ್ಪಿಗೆ ತಿಳಿಸಿದ್ದಾರೋ ಇಲ್ಲವೋ, ಡಿಸ್ಚಾರ್ಜ್ ಅರ್ಜಿ ಹೋದ ಹೊತ್ತು, ಒಪ್ಪಿಗೆ ಬಂದ ಹೊತ್ತು, ಬಿಮಾ ಭರೋಸಾ ಟೋಕನ್, ಫಲಿತಾಂಶ.

ಮೂವತ್ತು ಸಾಲು ತುಂಬಿದ ಮೇಲೆ ಅದನ್ನು ಕಂಪನಿವಾರು ಅಲ್ಲ, ಷರತ್ತುವಾರು ಜೋಡಿಸಬೇಕು. ಕಂಪನಿವಾರು ಜೋಡಿಸಿದರೆ ‘ಆ ಕಂಪನಿ ಕಳ್ಳ’ ಎಂಬ ತೀರ್ಮಾನ ಹೊರಡುತ್ತದೆ, ಅದರಿಂದ ಏನೂ ಆಗದು. ಷರತ್ತುವಾರು ಜೋಡಿಸಿದಾಗ, ಉದಾಹರಣೆಗೆ, ಮೂರು ಬೇರೆ ಬೇರೆ ಕಂಪನಿಗಳು ಔಷಧದ ಬಿಲ್ಲಿಗೂ ರೂಮ್ ಬಾಡಿಗೆಯ ಅನುಪಾತ ಹಚ್ಚುತ್ತಿವೆ ಎಂಬಂಥದ್ದು ಕಾಣುತ್ತದೆ. ನಿಯಂತ್ರಕರು ಉತ್ತರಿಸಲೇಬೇಕಾದ ಪ್ರಶ್ನೆ ಅದು.

ಇದನ್ನು ಕಂಪನಿಗಳದೇ ಅಂಕಿಗಳ ಪಕ್ಕದಲ್ಲಿಡಬಹುದು. ಪ್ರತಿ ವಿಮಾ ಕಂಪನಿಯೂ ಮೂರು ತಿಂಗಳಿಗೊಮ್ಮೆ ತನ್ನ ಜಾಲತಾಣದಲ್ಲಿ ‘ಪಬ್ಲಿಕ್ ಡಿಸ್‌ಕ್ಲೋಷರ್’ ಎಂಬ ಹೆಸರಿನಡಿ ನಮೂನೆಗಳನ್ನು ಹಾಕಬೇಕು. ಅದರಲ್ಲಿ ಎನ್‌ಎಲ್-37 ಕ್ಲೇಮ್‌ಗಳ ಲೆಕ್ಕ, ಎನ್‌ಎಲ್-45 ದೂರುಗಳ ವಿಲೇವಾರಿ. ಮುಖಪುಟದಲ್ಲಿ ಹುಡುಕಬೇಡಿ, ಪುಟದ ತಳದ ಸಣ್ಣಕ್ಷರದಲ್ಲಿರುತ್ತದೆ. ಸರ್ಕಾರಿ ವಲಯದ ನಾಲ್ಕು ಕಂಪನಿಗಳಾದ ನ್ಯೂ ಇಂಡಿಯಾ, ನ್ಯಾಷನಲ್, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಮತ್ತು ಐಆರ್‌ಡಿಎಐ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುತ್ತವೆ. ₹10ರ ಅರ್ಜಿಗೆ 30 ದಿನದಲ್ಲಿ ಉತ್ತರ ಕೊಡಬೇಕು. ಖಾಸಗಿ ಕಂಪನಿಗೆ ನೇರವಾಗಿ ಕೇಳಲಾಗದು; ಆದರೆ ಆ ಕಂಪನಿಯಿಂದ ಕಾನೂನುಬದ್ಧವಾಗಿ ತರಿಸಿಕೊಳ್ಳಬಹುದಾದ ಮಾಹಿತಿಯನ್ನು ಐಆರ್‌ಡಿಎಐ ಮೂಲಕ ಕೇಳಬಹುದು. ‘ಏಕೆ ತಿರಸ್ಕರಿಸಿದಿರಿ’ ಎಂದು ಬರೆದರೆ ಅದು ಮಾಹಿತಿಯಲ್ಲವೆಂದು ಅರ್ಜಿ ವಾಪಸಾಗುತ್ತದೆ. ‘ಇಂಥ ವರ್ಷದಲ್ಲಿ ಕ್ಲೇಮ್ ಪರಿಶೀಲನಾ ಸಮಿತಿಯ ಮುಂದೆ ಬಂದವೆಷ್ಟು, ಅದು ತಿರಸ್ಕಾರವನ್ನು ಒಪ್ಪದೆ ವಾಪಸು ಕಳಿಸಿದ್ದೆಷ್ಟು’ ಎಂದು ಅಂಕಿ ಕೇಳಬೇಕು.

ಕಾನೂನಿನಲ್ಲೂ ಗುಂಪಿಗೆ ಜಾಗವಿದೆ. ಒಂದೇ ಹಿತಾಸಕ್ತಿಯ ಅನೇಕರ ಪರವಾಗಿ ಕೆಲವರು ದೂರು ಹಾಕಲು ಗ್ರಾಹಕ ಕಾಯ್ದೆಯ 35(1)(ಸಿ) ಅವಕಾಶ ಕೊಡುತ್ತದೆ; ಆಯೋಗದ ಅನುಮತಿ ಬೇಕು. 17ನೇ ಸೆಕ್ಷನ್ ಪ್ರಕಾರ ಗ್ರಾಹಕ ವರ್ಗಕ್ಕೇ ಹಾನಿಯಾಗುವ ಅನುಚಿತ ವ್ಯಾಪಾರ ಪದ್ಧತಿಯ ಬಗ್ಗೆ ಜಿಲ್ಲಾಧಿಕಾರಿಗೂ ದೂರು ಕೊಡಬಹುದು. ಇದನ್ನು ಬಳಸಿದವರು ವಿರಳ, ಬಳಸಬಾರದೆಂದೇನಿಲ್ಲ.

ಗುಂಪುಗಳು ಸೋಲುವುದೂ ಹೆಚ್ಚಾಗಿ ಒಂದೇ ರೀತಿ. ವಾಟ್ಸಾಪಿನಲ್ಲಿ ಇನ್ನೂರು ಮೆಸೇಜು, ಕಾಗದ ಒಂದೂ ಇಲ್ಲ. ಒಂದೇ ಮನವಿಯಲ್ಲಿ ಪ್ರೀಮಿಯಂ ಏರಿಕೆ, ಆಸ್ಪತ್ರೆ ದರ, ಏಜೆಂಟರ ಸುಳ್ಳು, ಕ್ಯಾಶ್‌ಲೆಸ್ ತಡ ಎಲ್ಲವನ್ನೂ ತುರುಕಿದಾಗ ಓದುವ ಅಧಿಕಾರಿ ತನಗೆ ಸಂಬಂಧಿಸದ ಭಾಗ ತೋರಿಸಿ ಪೂರ್ತಿ ಮನವಿಯನ್ನೇ ಬೇರೆ ಇಲಾಖೆಗೆ ದಾಟಿಸುತ್ತಾರೆ. ಆಸ್ಪತ್ರೆಯ ದರ ಐಆರ್‌ಡಿಎಐ ಕೈಯಲ್ಲಿಲ್ಲ. ಆಸ್ಪತ್ರೆಯ ನಡವಳಿಕೆ ಬಗ್ಗೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರಕ್ಕೆ ಬೇರೆಯೇ ದೂರು ಹೋಗಬೇಕು. ಇನ್ನು ‘ಕ್ಲೇಮ್ ಕೊಡಿಸುತ್ತೇವೆ, ಬಂದ ಹಣದಲ್ಲಿ ಪಾಲು ಕೊಡಿ’ ಎನ್ನುವವರು ಇಂಥ ಗುಂಪುಗಳ ಸುತ್ತ ಬೇಗ ಮುತ್ತುತ್ತಾರೆ. ಒಂಬುಡ್ಸ್‌ಮನ್ ದಾರಿ ಪೂರ್ತಿ ಉಚಿತ ಎಂದು ಗುಂಪಿನ ಮೊದಲ ಸಭೆಯಲ್ಲೇ ಹೇಳಿಬಿಡುವುದು ಒಳ್ಳೆಯದು.

ನಿಯಮ ಬದಲಾದದ್ದು ಹೇಗೆ

ಐಆರ್‌ಡಿಎಐ ಹೊಸ ನಿಯಮ ತರುವ ಮೊದಲು ಕರಡನ್ನು ಪ್ರಕಟಿಸಿ ಅಭಿಪ್ರಾಯ ಕೇಳುತ್ತದೆ. ಕಂಪನಿಗಳು ಪುಟಗಟ್ಟಲೆ ಬರೆಯುತ್ತವೆ, ಪಾಲಿಸಿದಾರರು ಬರೆಯುವುದು ಕಡಿಮೆ. ಬರೆಯುವ ಕ್ರಮ ಸರಳ: ಕರಡಿನ ಕಂಡಿಕೆ ಸಂಖ್ಯೆ, ಈಗಿರುವ ಪಾಠ, ನೀವು ಸೂಚಿಸುವ ಪಾಠ, ಕಾರಣ. ಕಾರಣದ ಕಾಲಮ್ಮಿನಲ್ಲಿ ನಿಮ್ಮ ರಿಜಿಸ್ಟರಿನ ಅಂಕಿ ಇದ್ದರೆ ಅದು ಬರೀ ಅಹವಾಲಾಗುವುದಿಲ್ಲ.

ಕಾನೂನಿದ್ದರೂ ಒತ್ತಡವಿಲ್ಲದೆ ಜಾರಿಯಾಗದು ಎಂಬುದಕ್ಕೆ ಮಾನಸಿಕ ಆರೋಗ್ಯ ಒಳ್ಳೆಯ ಪಾಠ. ದೈಹಿಕ ಕಾಯಿಲೆಯಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21(4) ಹೇಳಿತು. ಅದು 2018ರ ಮೇ 29ರಿಂದ ಜಾರಿ. ಆ ಆಗಸ್ಟಿನಲ್ಲಿ ಐಆರ್‌ಡಿಎಐ ಸುತ್ತೋಲೆಯೂ ಬಂತು. ಆದರೂ ಪಾಲಿಸಿಗಳಲ್ಲಿ ‘ಮಾನಸಿಕ ಕಾಯಿಲೆ ಹೊರತು’ ಎಂಬ ಸಾಲು ಉಳಿದುಕೊಂಡಿತ್ತು. ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. 2021ರಲ್ಲಿ ಕ್ಲೇಮ್ ನಿರಾಕರಿಸಲ್ಪಟ್ಟ ಮಹಿಳೆಯೊಬ್ಬರ ಅರ್ಜಿಯ ಮೇಲೆ ದೆಹಲಿ ಹೈಕೋರ್ಟ್ ಅಂಥ ಸಾಲು ಸಲ್ಲದೆಂದಿತು. ಎಲ್ಲ ಪಾಲಿಸಿಯಲ್ಲೂ ಸೇರಿಸಲು ಐಆರ್‌ಡಿಎಐ 2022ರ ಅಕ್ಟೋಬರ್ 31ರ ಗಡುವು ಕೊಟ್ಟಾಗ ಕಾಯ್ದೆ ಜಾರಿಯಾಗಿ ನಾಲ್ಕು ವರ್ಷ ದಾಟಿತ್ತು.

ಇದಕ್ಕೂ ಹಳೆಯದೊಂದು: ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಎಲ್‌ಐಸಿಯ ಒಂದು ಪಾಲಿಸಿಯನ್ನು ಸರ್ಕಾರಿ ಮತ್ತು ಹೆಸರಾಂತ ಸಂಸ್ಥೆಗಳ ನೌಕರರಿಗಷ್ಟೇ ಸೀಮಿತಗೊಳಿಸಿದ್ದನ್ನು ಪ್ರಶ್ನಿಸಿ 1995ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಜೀವ ವಿಮೆಯ ಪ್ರಕರಣ ಅದು. ವಿಮೆಯ ಷರತ್ತು ನ್ಯಾಯಯುತವಾಗಿರಬೇಕೆಂಬ ಮಾತಿಗೆ ಇಂದಿಗೂ ಅದನ್ನು ಉಲ್ಲೇಖಿಸುತ್ತಾರೆ.

ತೀರಾ ಈಚಿನದು ಜಿಎಸ್‌ಟಿ. ಆರೋಗ್ಯ ವಿಮೆ ಪ್ರೀಮಿಯಂ ಮೇಲೆ ಶೇ. 18 ತೆರಿಗೆ ಹೆಚ್ಚಾಯಿತು, ಇಳಿಸಿ ಎಂದು ಸಂಸತ್ತಿನ ಹಣಕಾಸು ಸ್ಥಾಯಿ ಸಮಿತಿ 2024ರ ಫೆಬ್ರುವರಿಯಲ್ಲಿ ಹೇಳಿತ್ತು. ಸದ್ದಾದದ್ದು ಜುಲೈನಲ್ಲಿ. ನಾಗಪುರ ವಿಭಾಗದ ಎಲ್‌ಐಸಿ ನೌಕರರ ಸಂಘ ತಮ್ಮ ಸಂಸದ, ಕೇಂದ್ರ ಸಚಿವ ನಿತಿನ್ ಗಡ್ಕರಿಯವರಿಗೆ ಮನವಿ ಕೊಟ್ಟಿತು, ಅವರು ಜುಲೈ 28ರಂದು ಹಣಕಾಸು ಸಚಿವರಿಗೆ ಪತ್ರ ಬರೆದರು, ಪತ್ರ ಬಹಿರಂಗವಾಯಿತು. ಆಗಸ್ಟಿನಲ್ಲಿ ವಿರೋಧ ಪಕ್ಷಗಳು ಸಂಸತ್ ಆವರಣದಲ್ಲಿ ಅದೇ ಬೇಡಿಕೆ ಹಿಡಿದು ನಿಂತವು. ಸೆಪ್ಟೆಂಬರಿನಲ್ಲಿ ಕರ್ನಾಟಕವೂ ಸೇರಿದ್ದ ಸಚಿವರ ಗುಂಪಿಗೆ ವಿಷಯ ಹೋಯಿತು. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ತೀರ್ಮಾನಿಸಿತು, 22ರಿಂದ ವೈಯಕ್ತಿಕ ಜೀವ ಮತ್ತು ಆರೋಗ್ಯ ಪಾಲಿಸಿಗಳ ತೆರಿಗೆ ಸೊನ್ನೆಯಾಯಿತು. ಒಂದು ವಿಭಾಗ ಮಟ್ಟದ ಸಂಘದ ಮನವಿಯಿಂದ ಮಾತ್ರ ಇದೆಲ್ಲ ಆಯಿತೆಂದರೆ ಉತ್ಪ್ರೇಕ್ಷೆ. ಆದರೆ ಆ ಮನವಿ ಒಂದೇ ಬೇಡಿಕೆ ಇಟ್ಟಿತ್ತು, ತೀರ್ಮಾನ ಮಾಡಬಲ್ಲವರು ಯಾರೆಂದು ತಿಳಿದು ಹೋಗಿತ್ತು.

ಮುಗಿಯದ್ದು ಬಹಳವಿದೆ. 60 ದಾಟಿದವರ ಪ್ರೀಮಿಯಂ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚಿಸುವ ಮೊದಲು ಕಂಪನಿ ತನ್ನನ್ನು ಕೇಳಬೇಕೆಂದು ಐಆರ್‌ಡಿಎಐ 2025ರ ಜನವರಿಯಲ್ಲಿ ಹೇಳಿತು. 58 ವರ್ಷದವರಿಗೆ ಅಂಥ ತಡೆಯಿಲ್ಲ. ಆರೋಗ್ಯ ವಿಮೆ ಮಾತ್ರ ಮಾರುವ ಕಂಪನಿಗಳು 2023–24ರಲ್ಲಿ ಗಳಿಸಿದ ಪ್ರೀಮಿಯಂನ ನೂರರಲ್ಲಿ ಸುಮಾರು 65 ರೂಪಾಯಿ ಮಾತ್ರ ಕ್ಲೇಮಿಗೆ ಹೋಗಿದೆ. ಅಮೆರಿಕದಲ್ಲಿ ಇದು 80ಕ್ಕಿಂತ, ದೊಡ್ಡ ಗುಂಪು ಪಾಲಿಸಿಗಳಲ್ಲಿ 85ಕ್ಕಿಂತ ಇಳಿದರೆ ವ್ಯತ್ಯಾಸವನ್ನು ಪಾಲಿಸಿದಾರರಿಗೆ ಮರಳಿಸಬೇಕು. ನಮ್ಮಲ್ಲಿ ಇಂಥ ಕಂಪನಿಯ ಖರ್ಚಿಗೆ ಶೇ. 35ರ ಮೇಲ್ಮಿತಿಯಿದೆ, ಕ್ಲೇಮಿಗೆ ಕೆಳಮಿತಿಯಿಲ್ಲ.

ಜಿಎಸ್‌ಟಿಯೂ ಅರ್ಧ ಮುಗಿದ ಕೆಲಸವೇ. 2025ರ ವಿನಾಯಿತಿ ಗುಂಪು ಪಾಲಿಸಿಗಳನ್ನು ಮುಟ್ಟಲಿಲ್ಲ. ಸಂಘದ ಮೂಲಕ ಗುಂಪು ಪಾಲಿಸಿ ಪಡೆದು, ಪ್ರೀಮಿಯಂ ಪೂರ್ತಿ ತಮ್ಮ ಪಿಂಚಣಿಯಿಂದಲೇ ಕಟ್ಟುವ ನಿವೃತ್ತರು ₹40,000ಕ್ಕೆ ₹7,200 ತೆರಿಗೆ ಕೊಡುತ್ತಾರೆ. ಅದೇ ಬೀದಿಯಲ್ಲಿ ಅಷ್ಟೇ ಪ್ರೀಮಿಯಂನ ಸ್ವಂತ ಪಾಲಿಸಿ ಇರುವವರು ಒಂದು ರೂಪಾಯಿಯನ್ನೂ ಕೊಡುವುದಿಲ್ಲ.